ಇಪ್ಪತ್ತು ವರ್ಷದ ಆಕ್ಟೇವಿಯಾ ಆರ್‌ಎಸ್: ಮೂರು ವರ್ಷ ಓಡಿಸಿದ ಮೇಲೆ

2022ರ ದಸರೆಯ ಹೊತ್ತಿಗೆ ಮನೆಗೆ ಎರಡನೆಯ ಕಾರೊಂದು ಬೇಕೆಂದು ತೀರ್ಮಾನವಾದಾಗ ನೆಂಟರು, ಸ್ನೇಹಿತರು, ಆಫೀಸಿನವರು ಎಲ್ಲರೂ ಕೊಟ್ಟ ಸಲಹೆ ಒಂದೇ: ಹೊಸದನ್ನೇ ತೆಗೆದುಕೊಳ್ಳಿ. ಮೂರು ವಾರ ಶೋರೂಮುಗಳನ್ನು ಸುತ್ತಿದೆ, ಐದಾರು ಹೊಸ ಕಾರುಗಳನ್ನು ಓಡಿಸಿ ನೋಡಿದೆ, ಕೊನೆಗೆ 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಒಂದನ್ನು ನಾಲ್ಕೂವರೆ ಲಕ್ಷ ರೂಪಾಯಿ ಕೊಟ್ಟು ಮನೆಗೆ ತಂದೆ. ಓಡೋಮೀಟರು ಆಗ 1,18,000 ಕಿ.ಮೀ. ತೋರಿಸುತ್ತಿತ್ತು, ಆರ್‌ಸಿಯಲ್ಲಿ ನಾನು ಮೂರನೆಯ ಮಾಲೀಕ. ಅಲ್ಲಿಂದೀಚೆಗೆ ಬೆಂಗಳೂರಿಗೂ ಮೂಡಿಗೆರೆ ಕಡೆಯ ನಮ್ಮ ಊರಿಗೂ ನಡುವೆ ಮೂವತ್ತೊಂದು ಸಾವಿರ ಕಿ.ಮೀ. ಓಡಿಸಿದ್ದೇನೆ. ಇಂಥದೇ ಯೋಚನೆಯಲ್ಲಿರುವವರಿಗೆ ಉಪಯೋಗವಾಗಲಿ ಎಂದು ಕಂಡದ್ದನ್ನು ಕಂಡ ಹಾಗೆಯೇ ಬರೆಯುತ್ತಿದ್ದೇನೆ.

ಈ ಕಾರನ್ನು ನೋಡಿರದವರಿಗಾಗಿ ಒಂದೆರಡು ಮಾತು. ಸ್ಕೋಡಾ ಭಾರತಕ್ಕೆ ಬಂದದ್ದು 2001ರಲ್ಲಿ; ಔರಂಗಾಬಾದಿನಲ್ಲಿ ಜೋಡಿಸಿದ ಆಕ್ಟೇವಿಯಾವೇ ಅದರ ಮೊದಲ ಕಾರು. ರಸ್ತೆಯಲ್ಲಿ ಹೆಚ್ಚಾಗಿ ಕಂಡದ್ದು 1.9 ಲೀಟರಿನ ಡೀಸೆಲ್. ಆಕ್ಟೇವಿಯಾದ ವೇಗದ ಆವೃತ್ತಿಯಾದ ಆರ್‌ಎಸ್ ಬಂದದ್ದು 2004ರಲ್ಲಿ: 1,781 ಸಿಸಿಯ ಟರ್ಬೊ ಪೆಟ್ರೋಲ್ ಎಂಜಿನ್, ಒಂದೊಂದು ಸಿಲಿಂಡರಿಗೆ ಐದರಂತೆ ಒಟ್ಟು ಇಪ್ಪತ್ತು ವಾಲ್ವುಗಳು, 150 ಪಿಎಸ್ (ಅಶ್ವಶಕ್ತಿ) ಶಕ್ತಿ, 210 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಐದು ಗೇರುಗಳ ಮ್ಯಾನ್ಯುಯಲ್ ಗೇರ್‌ಬಾಕ್ಸ್. ಯುರೋಪಿನ ಆರ್‌ಎಸ್‌ನಲ್ಲಿ ಇದೇ 1.8 ಲೀಟರಿನ ಎಂಜಿನ್ 180 ಪಿಎಸ್ ಕೊಡುತ್ತಿತ್ತು. ನಮ್ಮ ಪಾಲಿಗೆ ಬಂದದ್ದು ಮೂವತ್ತು ಕಡಿಮೆ. ಆದರೂ ಇಲ್ಲಿನ ಮಧ್ಯಮ ವರ್ಗದ ಮನೆಗಳು ಅರವತ್ತು, ಎಪ್ಪತ್ತು ಪಿಎಸ್ ಕಾರುಗಳಲ್ಲಿ ಓಡಾಡುತ್ತಿದ್ದ ಕಾಲವದು. 150 ಎಂಬ ಅಂಕಿ ಕೇಳಿದರೆ ಬೆರಗಾಗುತ್ತಿತ್ತು.

ಇಂದು ಆ ಅಂಕಿಗೆ ಬೆರಗಾಗುವವರಿಲ್ಲ. ಹದಿನೈದು ಲಕ್ಷದ ಆಸುಪಾಸಿನ ಹೊಸ ಟರ್ಬೊ ಕಾರುಗಳಲ್ಲೇ ಅಷ್ಟು ಶಕ್ತಿ ಸಿಗುತ್ತದೆ, ಅವುಗಳಲ್ಲಿ ಕೆಲವು ನನ್ನ ಕಾರನ್ನು ಸಿಗ್ನಲ್ಲಿನಿಂದಲೇ ಹಿಂದೆ ಹಾಕಿ ಹೋಗುತ್ತವೆ. ಆದ್ದರಿಂದ ಹಳೆಯ ಕಾರು ಹೊಸದಕ್ಕಿಂತ ವೇಗವಾಗಿ ಓಡುತ್ತದೆ ಎಂದು ನಂಬಿ ಯಾರೂ ಇದನ್ನು ಕೊಳ್ಳಬಾರದು. ಇದು ಇಷ್ಟವಾಗುವುದು ಅದೇ ವೇಗವನ್ನು ಕೊಡುವ ರೀತಿಯಿಂದ. 1,750 ಆರ್‌ಪಿಎಂಗಿಂತ ಕೆಳಗೆ ಎಂಜಿನ್ ಮಂಕಾಗಿರುತ್ತದೆ. ಆಕ್ಸಿಲರೇಟರ್ ಒತ್ತಿದರೆ ಅರೆಗಳಿಗೆ ಏನೂ ಆಗುವುದಿಲ್ಲ, ಆಮೇಲೆ ಬಾನೆಟ್ಟಿನ ಒಳಗಿನಿಂದ ಟರ್ಬೊ ಸಣ್ಣಗೆ ಶಿಳ್ಳೆ ಹಾಕುವುದು ಕೇಳಿಸುತ್ತದೆ, ಅದರ ಬೆನ್ನಿಗೇ ಸೀಟು ಬೆನ್ನನ್ನು ಮುಂದಕ್ಕೆ ನೂಕುತ್ತದೆ. ಆ ಟಾರ್ಕ್ 4,600 ಆರ್‌ಪಿಎಂವರೆಗೂ ಒಂದೇ ಮಟ್ಟದಲ್ಲಿರುವುದರಿಂದ ಘಟ್ಟದ ರಸ್ತೆಯಲ್ಲಿ ಪದೇ ಪದೇ ಗೇರು ಬದಲಿಸುವ ಪ್ರಮೇಯವೇ ಬರುವುದಿಲ್ಲ. ಯಾವ ತಿರುವಿಗೆ ಎರಡನೆಯ ಗೇರು, ಯಾವುದಕ್ಕೆ ಮೂರನೆಯದು ಎಂಬುದನ್ನು ತಿರುವು ಬರುವ ಮೊದಲೇ ನಾವು ಯೋಚಿಸಿಟ್ಟುಕೊಳ್ಳಬೇಕು. ಯೋಚನೆ ತಪ್ಪಿದರೆ ಕಾರು ಒಡನೆಯೇ ಹೇಳಿಬಿಡುತ್ತದೆ.

ಸ್ಟೀರಿಂಗ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಾನು ಈ ಕಾರು ಕೊಂಡದ್ದಕ್ಕೆ ಮುಖ್ಯ ಕಾರಣವೇ ಅದು. ಇದು ಹೈಡ್ರಾಲಿಕ್ ಸ್ಟೀರಿಂಗ್. ಎಂಜಿನ್ನಿನ ಬಲದಿಂದ ತಿರುಗುವ ಪಂಪೊಂದು ಎಣ್ಣೆಯನ್ನು ಒತ್ತಡದಲ್ಲಿ ಸ್ಟೀರಿಂಗ್ ರ‍್ಯಾಕಿಗೆ ಕಳುಹಿಸುತ್ತದೆ; ನಮ್ಮ ಕೈ ಹಾಕಿದ ಬಲಕ್ಕೆ ಆ ಎಣ್ಣೆ ತನ್ನ ಬಲವನ್ನು ಸೇರಿಸುತ್ತದೆ. ಚಕ್ರಕ್ಕೂ ಕೈಗೂ ನಡುವೆ ಇರುವುದೆಲ್ಲ ಉಕ್ಕು ಮತ್ತು ಎಣ್ಣೆ. ಟೈರು ಹಿಡಿತ ಕಳೆದುಕೊಳ್ಳಲು ಆರಂಭಿಸಿದಾಗ ಆ ಹಗುರವಾಗುವಿಕೆ ನೇರವಾಗಿ ಅಂಗೈಗೆ ತಿಳಿಯುತ್ತದೆ. ಈಗಿನ ಕಾರುಗಳಲ್ಲಿ ಈ ಕೆಲಸವನ್ನು ವಿದ್ಯುತ್ ಮೋಟಾರು ಮಾಡುತ್ತದೆ, ಎಷ್ಟು ಭಾರ ತೋರಿಸಬೇಕೆಂದು ಸಾಫ್ಟ್‌ವೇರು ನಿರ್ಧರಿಸುತ್ತದೆ. ಅದರಿಂದ ಪೆಟ್ರೋಲ್ ಉಳಿಯುತ್ತದೆ, ಪಾರ್ಕಿಂಗ್ ಸುಲಭವಾಗುತ್ತದೆ, ಚೆನ್ನಾಗಿ ಮಾಡಿದ ವಿದ್ಯುತ್ ಸ್ಟೀರಿಂಗುಗಳೂ ಇವೆ. ಆದರೆ ನಾನು ಓಡಿಸಿ ನೋಡಿದ ಆ ಐದಾರು ಕಾರುಗಳಲ್ಲಿ ‘ಸ್ಪೋರ್ಟ್’ ಗುಂಡಿ ಒತ್ತಿದರೆ ಸ್ಟೀರಿಂಗು ಭಾರವಾಯಿತೇ ವಿನಾ ಹೊಸದೇನನ್ನೂ ಹೇಳಲಿಲ್ಲ.

ಕಳೆದ ಜೂನಿನಲ್ಲಿ ಉಜಿರೆಯಿಂದ ಚಾರ್ಮಾಡಿ ಹತ್ತುತ್ತಿದ್ದೆ. ಮಳೆ ಹಿಡಿದುಕೊಂಡಿತ್ತು, ಬಂಡೆಯಿಂದ ಇಳಿದ ನೀರು ರಸ್ತೆಗೆ ಅಡ್ಡಲಾಗಿ ಹರಿಯುತ್ತಿತ್ತು. ಒಂದು ತಿರುವಿನಲ್ಲಿ ಬಲಗಡೆಯ ಮುಂದಿನ ಟೈರು ಕೊಳೆತ ಎಲೆಗಳ ರಾಶಿಯ ಮೇಲೆ ಹತ್ತಿದ್ದು ನನ್ನ ಕಣ್ಣಿಗೆ ಬೀಳುವ ಮೊದಲೇ ಕೈಗೆ ಗೊತ್ತಾಯಿತು. ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿದೆ, ಕಾರು ತನ್ನ ಸಾಲಿಗೆ ಮರಳಿತು. ಮಹಾ ಚಾಲಕನೆಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ, ವೇಗ ಮೂವತ್ತೈದು ಕಿ.ಮೀ. ಕೂಡ ಇರಲಿಲ್ಲ. ಮೂವತ್ತೈದರಲ್ಲೂ ಈ ಕಾರು ಮಾತನಾಡುತ್ತದೆ ಎಂಬುದಷ್ಟೇ ನಾನು ಹೇಳಬೇಕೆಂದಿರುವುದು. ನಮ್ಮ ರಸ್ತೆಗಳಲ್ಲಿ 150 ಪಿಎಸ್ ಪೂರ್ತಿಯಾಗಿ ಬಳಸುವ ಅವಕಾಶ ತಿಂಗಳಿಗೊಮ್ಮೆಯೂ ಸಿಗುವುದಿಲ್ಲ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲೂ ಮಿತಿ ನೂರು ಕಿ.ಮೀ., ಮೇಲೆ ಕ್ಯಾಮೆರಾ. ಕಡಿಮೆ ವೇಗದಲ್ಲೇ ಸುಖ ಕೊಡುವ ಕಾರು ಇಲ್ಲಿಗೆ ಹೆಚ್ಚು ಹೊಂದುತ್ತದೆ.

ಒಳಗೆ ಕುಳಿತರೆ ವಯಸ್ಸು ಕಾಣುತ್ತದೆ. ಪರದೆ ಇಲ್ಲ. ಎಸಿ, ದೀಪ, ಹಿಂಬದಿಯ ಗಾಜಿನ ಹೀಟರು ಎಲ್ಲಕ್ಕೂ ಒಂದೊಂದು ಗುಂಡಿ. ಮೂರು ತಿಂಗಳಲ್ಲಿ ಅವುಗಳ ಜಾಗ ಬೆರಳಿಗೆ ಅಭ್ಯಾಸವಾಗಿ ಕಣ್ಣು ರಸ್ತೆ ಬಿಟ್ಟು ಅಲುಗುವುದಿಲ್ಲ. ಸೀಟುಗಳು ಪಕ್ಕೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಹಿಂದಿನ ಸೀಟಿನಲ್ಲಿ ಜಾಗ ಕಡಿಮೆ, ನಮ್ಮ ತಂದೆಯವರು ಎರಡು ಗಂಟೆಗಿಂತ ಹೆಚ್ಚು ಕೂರಲು ಒಪ್ಪುವುದಿಲ್ಲ. ಡಿಕ್ಕಿ ಮಾತ್ರ ಅದ್ಭುತ: ಹಿಂಬದಿಯ ಗಾಜಿನ ಸಮೇತ ಮೇಲಕ್ಕೆ ತೆರೆದುಕೊಳ್ಳುವ ಬಾಗಿಲು, 528 ಲೀಟರ್ ಜಾಗ. ಊರಿನಿಂದ ಎರಡು ಮೂಟೆ ತೆಂಗಿನಕಾಯಿ, ಒಂದು ಚೀಲ ಕಾಫಿಪುಡಿ, ಹಲಸಿನಹಣ್ಣು ಹಾಕಿಕೊಂಡು ಬಂದ ಮೇಲೂ ಬ್ಯಾಗುಗಳಿಗೆ ಸ್ಥಳವಿರುತ್ತದೆ.

ಹೊಸ ಕಾರುಗಳ ಪರದೆಗಳನ್ನು ನಾನು ಹಳೆಕಾಲದವನ ಹಟದಿಂದ ದೂರುತ್ತಿಲ್ಲ. ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸಿ ಅಂಕ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆಯೇ 2026ರಿಂದ ತನ್ನ ಪರೀಕ್ಷೆಯಲ್ಲಿ ಇಂಡಿಕೇಟರ್, ಹಜಾರ್ಡ್ ದೀಪ, ವೈಪರ್, ಹಾರ್ನ್ ಇಂಥವಕ್ಕೆ ಕೈಗೆ ಸಿಗುವ ಗುಂಡಿಯೋ ಕಡ್ಡಿಯೋ ಇದ್ದರೆ ಮಾತ್ರ ಪೂರ್ತಿ ಅಂಕ ಎಂದು ತೀರ್ಮಾನಿಸಿದೆ. ಪರದೆಯ ಮೂರನೆಯ ಪುಟದಲ್ಲಿ ಫ್ಯಾನಿನ ವೇಗವನ್ನು ಹುಡುಕಿದವರಿಗೆ ಇದರ ಅರ್ಥ ತಿಳಿಯುತ್ತದೆ. ಇನ್ನು ಎಚ್ಚರಿಕೆಯ ಸದ್ದುಗಳು. 2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳು 80 ಕಿ.ಮೀ. ದಾಟಿದರೆ ಆಗಾಗ, 120 ದಾಟಿದರೆ ಎಡೆಬಿಡದೆ ಕೂಗಬೇಕೆಂಬ ನಿಯಮ ಬಂತು. ಉದ್ದೇಶ ಒಳ್ಳೆಯದೇ, ಆದರೆ ಅದರ ಮೇಲೆ ಲೇನ್ ತಪ್ಪಿದ ಸದ್ದು, ಮುಂದಿನ ವಾಹನದ ಸದ್ದು, ಪಕ್ಕದ ಸ್ಕೂಟರಿನ ಸದ್ದು ಎಂದು ಸೇರುತ್ತ ಹೋದರೆ ಯಾವುದಕ್ಕೆ ಕಿವಿಗೊಡಬೇಕೆಂದೇ ತಿಳಿಯುವುದಿಲ್ಲ.

ನನ್ನ ಭಾವನವರು ಎರಡು ವರ್ಷದ ಹಿಂದೆ ಇಂಥ ಎಲ್ಲ ಸೌಕರ್ಯಗಳಿರುವ ಕಾರು ಕೊಂಡರು. ಯಾವ ಕಂಪನಿಯದೆಂಬುದು ಇಲ್ಲಿ ಬೇಡ. ಹಾಸನದಿಂದ ಬೇಲೂರಿಗೆ ಹೋಗುವಾಗ ನಾನೇ ಓಡಿಸುತ್ತಿದ್ದೆ. ತಿರುವಿನಾಚೆ ಒಣಹುಲ್ಲು ತುಂಬಿದ ಟ್ರ್ಯಾಕ್ಟರು ಎದುರಿನಿಂದ ತನ್ನ ಪಕ್ಕದಲ್ಲಿ ತಾನು ಬರುತ್ತಿತ್ತು. ರಸ್ತೆ ಬಾಗಿದ್ದರಿಂದ ಅದು ನೇರ ನಮ್ಮ ಮುಂದೆಯೇ ಇದೆಯೆಂದು ಕಾರಿನ ರಾಡಾರು ತಿಳಿಯಿತೋ ಏನೋ, ತಾನಾಗಿಯೇ ಬ್ರೇಕು ಒತ್ತಿತು. ಹಿಂದೆ ಬರುತ್ತಿದ್ದ ಬಸ್ಸಿನವನು ಕಷ್ಟಪಟ್ಟು ನಿಲ್ಲಿಸಿ ಬೈದ ಬೈಗುಳ ಪೂರ್ತಿಯಾಗಿ ನನಗೇ ಸಂದಿತು. “ಅದನ್ನ ಆಫ್ ಮಾಡ್ಕೊಂಡೇ ಓಡಿಸ್ಬೇಕು ಮಾರಾಯ, ನಿಂಗೆ ಹೇಳೋಕೆ ಮರೆತೆ” ಎಂದರು ಭಾವ. ಪ್ರತಿ ಸಲ ಇಗ್ನಿಷನ್ ಹಾಕಿದಾಗಲೂ ಅದು ತಾನಾಗಿ ಮತ್ತೆ ಆನ್ ಆಗಿರುತ್ತದಂತೆ. ಹಣ ಕೊಟ್ಟು ಕೊಂಡ ಸೌಕರ್ಯವನ್ನು ದಿನಾ ಬೆಳಿಗ್ಗೆ ಆರಿಸುವ ಕೆಲಸ ಅವರಿಗೆ ಅಭ್ಯಾಸವಾಗಿದೆ.

ಆದರೆ ಈ ಲೆಕ್ಕದ ಇನ್ನೊಂದು ಕಡೆಯನ್ನೂ ಹೇಳದಿದ್ದರೆ ವಿಮರ್ಶೆ ಅಪ್ರಾಮಾಣಿಕವಾಗುತ್ತದೆ. ಗುದ್ದಿಕೊಂಡರೆ ಭಾವನವರ ಕಾರಿನಲ್ಲಿರುವುದೇ ಕ್ಷೇಮ. ಅದರಲ್ಲಿ ಆರು ಏರ್‌ಬ್ಯಾಗುಗಳಿವೆ, ದೇಹದ ಕಟ್ಟೂ ಈ ಕಾಲದ ಪರೀಕ್ಷೆಗಳನ್ನು ಗಮನದಲ್ಲಿಟ್ಟು ಮಾಡಿದ್ದು. ನನ್ನ ಕಾರಿನಲ್ಲಿ ಎಬಿಎಸ್ ಮತ್ತು ಏರ್‌ಬ್ಯಾಗ್ ಇವೆಯಾದರೂ ಅವುಗಳ ವಯಸ್ಸೂ ಇಪ್ಪತ್ತು. ರಾತ್ರಿ ಪ್ರಯಾಣಕ್ಕೆ, ಮಕ್ಕಳೆಲ್ಲ ಹೊರಟಾಗ, ನಾವು ಮನೆಯ ಇನ್ನೊಂದು ಕಾರನ್ನೇ ತೆಗೆಯುತ್ತೇವೆ. ಹಳೆಯ ಕಾರೆಂದರೆ ತಂತ್ರಜ್ಞಾನವೇ ಇಲ್ಲದ್ದು ಎಂದು ಭಾವಿಸುವುದೂ ತಪ್ಪು. ಆರ್‌ಎಸ್‌ನ ಎಂಜಿನ್ನನ್ನು ಆಳುವುದು ಬಾಷ್ ಕಂಪನಿಯ ಕಂಪ್ಯೂಟರು. ಆಕ್ಸಿಲರೇಟರಿಗೂ ಥ್ರಾಟಲಿಗೂ ನಡುವೆ ಕೇಬಲ್ ಇಲ್ಲ, ವೈರಿದೆ. ಆ ಕಂಪ್ಯೂಟರು ಎಂಜಿನ್ನಿನ ಕೆಲಸ ನೋಡಿಕೊಂಡು ಸುಮ್ಮನಿರುತ್ತದೆ, ನನ್ನ ಕೈಗೆ ಕೈ ಹಾಕುವುದಿಲ್ಲ ಎಂಬುದು ವ್ಯತ್ಯಾಸ. ಏನು ಕೆಟ್ಟಿದೆ ಎಂದು ಕೇಳಿದರೆ ಹೇಳುತ್ತದೆ ಕೂಡ: ಲ್ಯಾಪ್‌ಟಾಪಿಗೆ ವಿಸಿಡಿಎಸ್ ಕೇಬಲ್ ಜೋಡಿಸಿದರೆ ದೋಷದ ಕೋಡುಗಳನ್ನು ಮನೆಯಂಗಳದಲ್ಲೇ ಓದಬಹುದು. ಹೊಸ ಕಾರುಗಳಲ್ಲಿ ಎಷ್ಟೋ ಬಿಡಿಭಾಗಗಳನ್ನು ಬದಲಿಸಿದ ಮೇಲೆ ಕಂಪನಿಯ ಸರ್ವರಿನ ಅನುಮತಿ ಪಡೆದು ಕೋಡ್ ಮಾಡಬೇಕಾಗುತ್ತದೆ. ಹೊರಗಿನ ಗ್ಯಾರೇಜಿನವರಿಗೆ ಆ ಬಾಗಿಲು ತೆರೆಯುವುದಿಲ್ಲ.

ಈಗ ಖರ್ಚು. ಕೊಂಡ ಮೊದಲ ವರ್ಷ 1,72,000 ರೂಪಾಯಿ ಹೋಯಿತು: ಟೈಮಿಂಗ್ ಬೆಲ್ಟ್ ಮತ್ತು ಟೆನ್ಷನರು, ವಾಟರ್ ಪಂಪು, ಎಂಜಿನ್ ಮೌಂಟುಗಳು, ಸಸ್ಪೆನ್ಷನ್ನಿನ ಬುಷ್‌ಗಳು, ಕೂಲೆಂಟ್ ಪೈಪುಗಳು, ನಾಲ್ಕು ಟೈರು. ಎರಡನೆಯ ವರ್ಷ ಕ್ಲಚ್ಚಿನದೂ ಸೇರಿ 68,000. ಮೂರನೆಯ ವರ್ಷ 51,000. ಮೈಲೇಜು ಬೆಂಗಳೂರಿನೊಳಗೆ ಒಂಬತ್ತು, ಹಾಸನ ರಸ್ತೆಯಲ್ಲಿ ಹನ್ನೆರಡೂವರೆ. ಕೊಂಡ ಬೆಲೆಯನ್ನೂ ಸೇರಿಸಿ ಕೂಡಿದರೆ, ಪೆಟ್ರೋಲ್ ಬಿಟ್ಟು, ಏಳೂವರೆ ಲಕ್ಷದ ಹತ್ತಿರ ಬರುತ್ತದೆ. ಇದು ಅಗ್ಗದ ಕಾರೇನಲ್ಲ. ಆದರೆ ಹೊಸ ಕಾರಿಗೆ ಕರ್ನಾಟಕದಲ್ಲಿ ಕಟ್ಟಬೇಕಾದ ಜೀವಿತಾವಧಿ ತೆರಿಗೆ, ಇಪ್ಪತ್ತು ಲಕ್ಷ ಮೀರಿದರೆ ಶೇ 18ರಷ್ಟು, ಅದರ ಮೇಲೆ ಮೂರು ವರ್ಷಕ್ಕೆ ಕರಗುವ ಮಾರುಬೆಲೆ ಇವನ್ನು ಪಕ್ಕದಲ್ಲಿಟ್ಟು ನೋಡಿದರೆ ನನಗೆ ಪಶ್ಚಾತ್ತಾಪವಿಲ್ಲ.

ಬಿಡಿಭಾಗ ಸಿಗುವುದಿಲ್ಲ ಎಂಬ ಭಯ ಅರ್ಧ ನಿಜ. ಈ ಎಂಜಿನ್ ಫೋಕ್ಸ್‌ವ್ಯಾಗನ್ ಗುಂಪಿನದು. ಇದೇ ಕುಟುಂಬದ ಎಂಜಿನ್ ನಾಲ್ಕನೆಯ ತಲೆಮಾರಿನ ಗಾಲ್ಫ್, ಮೊದಲ ಆಡಿ ಎ3, ಟಿಟಿ ಕಾರುಗಳಲ್ಲೂ ಇತ್ತು. ಹಾಗಾಗಿ 06ಎ ಎಂದು ಆರಂಭವಾಗುವ ಪಾರ್ಟ್ ನಂಬರು ಗೊತ್ತಿದ್ದರೆ ಜೆ.ಸಿ. ರಸ್ತೆಯ ಅಂಗಡಿಯವರು ಇಲ್ಲವೆನ್ನುವ ಮೊದಲು ಒಮ್ಮೆ ಒಳಗೆ ಹೋಗಿ ನೋಡಿ ಬರುತ್ತಾರೆ. ಬಾಗಿಲು, ಬಾನೆಟ್, ಗಾಜುಗಳು ಸಾಮಾನ್ಯ ಡೀಸೆಲ್ ಆಕ್ಟೇವಿಯಾದವೇ ಆದ್ದರಿಂದ ಗುಜರಿಯಲ್ಲೂ ಸಿಗುತ್ತವೆ. ಆರ್‌ಎಸ್‌ಗೆಂದೇ ಮಾಡಿದ ಮುಂದಿನ ಬಂಪರು, ಹಿಂದಿನ ಸ್ಪಾಯ್ಲರು, ಸೀಟಿನ ಬಟ್ಟೆ ಹಾಳಾದರೆ ಮಾತ್ರ ತಿಂಗಳುಗಟ್ಟಲೆ ಕಾಯಬೇಕು. ನನ್ನ ಬಂಪರಿನ ಒಂದು ಜಾಲರಿಗೆ ಎಂಟು ತಿಂಗಳಿಂದ ಕಾಯುತ್ತಿದ್ದೇನೆ.

ಇಪ್ಪತ್ತು ವರ್ಷದ ಕಾರಿನ ನಿಜವಾದ ಶತ್ರು ರಬ್ಬರು. ಕಬ್ಬಿಣ, ಅಲ್ಯೂಮಿನಿಯಂ ಹೇಗೋ ಬಾಳುತ್ತವೆ. ಎಂಜಿನ್ನಿನ ಶಾಖದಲ್ಲಿ ಬೆಂದ ಸಣ್ಣಪುಟ್ಟ ಹೋಸುಗಳು ಗಟ್ಟಿಯಾಗಿ, ಬೆರಳಲ್ಲಿ ಒತ್ತಿದರೆ ಬಿಸ್ಕತ್ತಿನಂತೆ ಮುರಿಯುತ್ತವೆ. ಎಲ್ಲ ಹೋಸುಗಳನ್ನೂ ಒಟ್ಟಿಗೆ ಬದಲಿಸಿಬಿಡಿ ಎಂದು ನನ್ನ ಮೆಕ್ಯಾನಿಕ್ ಮೊದಲ ದಿನವೇ ಹೇಳಿದ್ದರು. ಕೂಲೆಂಟಿನವನ್ನು ಮಾಡಿಸಿ, ವ್ಯಾಕ್ಯೂಮಿನವನ್ನು ನಾನು ಮುಂದಕ್ಕೆ ಹಾಕಿದೆ. ಅದರ ಫಲ ಕೊಟ್ಟಿಗೆಹಾರದ ಹತ್ತಿರ ಸಿಕ್ಕಿತು: ಎಂಜಿನ್ ಏರಿಳಿಯುತ್ತ ನಡುಗಿತು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿತು, ಪಿಕಪ್ ಸತ್ತುಹೋಯಿತು. ಮೆಲ್ಲಗೆ ಬಣಕಲ್‌ವರೆಗೆ ತಂದು ಪಂಪ್‌ಸೆಟ್ ರಿಪೇರಿಯ ಅಂಗಡಿಯೊಂದರ ಮುಂದೆ ನಿಲ್ಲಿಸಿ ಬಾನೆಟ್ ಎತ್ತಿದೆ. ಅಂಗಡಿಯವರು ಒಂದು ನಿಮಿಷ ಕಿವಿಗೊಟ್ಟು ಕೇಳಿ, ಇಂಟೇಕಿನ ಕೆಳಗೆ ಬೆರಳು ಹಾಕಿ ಸೀಳಿದ ಹೋಸನ್ನು ಹೊರಗೆಳೆದರು. “ಇಷ್ಟಕ್ಕಾ ಸಾರ್ ಗಾಬರಿ? ಬೋರ್ಡೋ ಹೊಡೆಯೋ ಪಂಪಿನ ಪೈಪೇ ಸಾಕು” ಎಂದು ಕಾಫಿ ತೋಟದ ಸಿಂಪಡಣೆ ಪಂಪಿಗೆ ಹಾಕುವ ಪೈಪಿನಿಂದ ಗೇಣುದ್ದ ಕತ್ತರಿಸಿ, ಎರಡು ಕ್ಲಿಪ್ಪು ಬಿಗಿದು, ನಲವತ್ತು ರೂಪಾಯಿ ತೆಗೆದುಕೊಂಡರು. ಆ ಪೈಪಿನ ಮೇಲೆಯೇ ಬೆಂಗಳೂರು ತಲುಪಿದೆ. ಮುಂದಿನ ವಾರ ಎಲ್ಲ ಹೋಸುಗಳನ್ನೂ ಬದಲಿಸಿದ್ದಾಯಿತು. ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥೆನಾಲ್ ಬರುತ್ತಿರುವುದರಿಂದ ಇಂಧನದ ಹೋಸುಗಳನ್ನು ಅದಕ್ಕೆ ತಕ್ಕ ಗುಣಮಟ್ಟದವೇ ಹಾಕಿಸಿದೆ. ಈ ಕಾಲಮಾನದ ಯಾವ ಕಾರು ಕೊಂಡರೂ ಇದನ್ನು ತಪ್ಪಿಸಬಾರದು.

ಕಾಗದಪತ್ರದ ಕೆಲಸವೂ ಇದೆ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ನೋಂದಣಿಯನ್ನು ನವೀಕರಿಸಬೇಕು, ಜೊತೆಗೆ ಹಸಿರು ತೆರಿಗೆ. ಇಪ್ಪತ್ತು ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ ಐದು ಸಾವಿರದಿಂದ ಹತ್ತು ಸಾವಿರಕ್ಕೆ ಏರಿಸಿತು. ನನ್ನ ಕಾರಿನ ಸರದಿ ಬಂದದ್ದು ಸರಿಯಾಗಿ ಅದರ ಮರುತಿಂಗಳು. ದೆಹಲಿಯ ವಯೋಮಿತಿಯ ನಿಯಮದಿಂದಾಗಿ ಅಲ್ಲಿನ ಕಾರುಗಳು ಅಗ್ಗಕ್ಕೆ ದಕ್ಷಿಣಕ್ಕೆ ಬರುತ್ತವೆ, ನೋಡಲು ಆಸೆಯಾಗುತ್ತದೆ. ಎನ್‌ಒಸಿ, ಇಲ್ಲಿನ ತೆರಿಗೆ, ಆರ್‌ಟಿಒ ಓಡಾಟ ಎಲ್ಲ ಸೇರಿಸಿದ ಮೇಲೆ ಉಳಿತಾಯವೇನೂ ಉಳಿಯಲಿಲ್ಲವೆಂದು ಅಂಥ ಕಾರು ತಂದ ಸ್ನೇಹಿತರೊಬ್ಬರು ಲೆಕ್ಕ ತೋರಿಸಿದರು. ಸ್ವಲ್ಪ ಹೆಚ್ಚು ಕೊಟ್ಟರೂ ಸರಿಯೇ, ಕೆಎ ನಂಬರಿನದನ್ನೇ ಹುಡುಕಿ.

ಹೊಸ ಆರ್‌ಎಸ್‌ಗೇ ಕಾಯಬಹುದಲ್ಲ ಎಂದು ಕೇಳುವವರಿದ್ದಾರೆ. 2025ರ ಅಕ್ಟೋಬರಿನಲ್ಲಿ ಅದು ಬಂತು: 265 ಪಿಎಸ್, ಏಳು ಗೇರುಗಳ ಆಟೊಮ್ಯಾಟಿಕ್, 49.99 ಲಕ್ಷ ರೂಪಾಯಿ, ಇಡೀ ದೇಶಕ್ಕೆ ಕೇವಲ ನೂರು ಕಾರು. ಬಹಳ ಸಮರ್ಥವಾದ ಕಾರೆಂಬುದರಲ್ಲಿ ಅನುಮಾನವಿಲ್ಲ. ಆದರೆ ಕ್ಲಚ್ ಪೆಡಲಿರುವ ಆರ್‌ಎಸ್ ಬೇಕೆಂದರೆ ಭಾರತದಲ್ಲಿ 2011ರ ಲಾರಾ ಆರ್‌ಎಸ್‌ನ ಕಾಲಕ್ಕೇ ಹಿಂತಿರುಗಬೇಕು. ಲಾರಾ ಎಂದರೆ ಎರಡನೆಯ ತಲೆಮಾರಿನ ಆಕ್ಟೇವಿಯಾಕ್ಕೆ ಇಲ್ಲಿಟ್ಟಿದ್ದ ಹೆಸರು. ಅದು 160 ಪಿಎಸ್, ಆರು ಗೇರು. ಹಿಂದಿನ ಸೀಟು ನನ್ನದಕ್ಕಿಂತ ವಿಶಾಲ. ತಂದೆಯವರು ದಿನವೂ ಜೊತೆಗೆ ಬರುವವರಾಗಿದ್ದರೆ ನಾನು ಅದನ್ನೇ ಕೊಳ್ಳುತ್ತಿದ್ದೆ. ಅದರ ಸ್ಟೀರಿಂಗು ವಿದ್ಯುತ್ತಿನದು ಎಂಬುದೊಂದೇ ನನಗೆ ಅಡ್ಡವಾದದ್ದು.

ಮನೆಯಲ್ಲಿ ಇದೊಂದೇ ಕಾರಿರುವವರು, ದಿನವೂ ಹೊರವರ್ತುಲ ರಸ್ತೆಯಲ್ಲಿ ಎರಡು ಗಂಟೆ ಕ್ಲಚ್ಚು ತುಳಿಯಬೇಕಾದವರು, ಗ್ಯಾರೇಜಿನವರೊಡನೆ ಮಾತನಾಡಲು ಬೇಸರಪಡುವವರು ಇದನ್ನು ಕೊಳ್ಳಬೇಡಿ. ಉಳಿದವರು ನೋಡಲು ಹೋಗುವಾಗ ಬೆಳಿಗ್ಗೆಯೇ ಹೋಗಿ, ತಾವು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬಾರದೆಂದು ಮಾರುವವರಿಗೆ ಮೊದಲೇ ತಿಳಿಸಿ. ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನೋಡಿ. ಬೆಚ್ಚಗಿದ್ದರೆ ಚಹಾ ಕುಡಿದು ಒಂದೆರಡು ಗಂಟೆ ಕಾಯಿರಿ. ತಣ್ಣಗಿನ ಎಂಜಿನ್ ಹೊತ್ತಿದಾಗ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟುಗಳ ನಡುವಿನ ಚೈನು ಎರಡು ಕ್ಷಣಕ್ಕಿಂತ ಹೆಚ್ಚು ಗಲಗಲ ಎಂದರೆ, ಹೊಗೆಕೊಳವೆಯಲ್ಲಿ ನೀಲಿ ಹೊಗೆ ಕಂಡರೆ, ಬೆಲೆಯ ಮಾತೇ ಬೇಡ. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲು ತೋರಿಸಿ ಎಂದು ಕೇಳಿ; ಬಿಲ್ಲಿಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿದು ಆ ಹಣವನ್ನು ಬೆಲೆಯಿಂದ ಕಳೆಯಿರಿ, ಏಕೆಂದರೆ ಆ ಬೆಲ್ಟು ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ, ಈ ಎಂಜಿನ್ನಿನಲ್ಲಿ ಅವು ಇಪ್ಪತ್ತಿವೆ.